ದಿಂಬಂ ಕಾಡಿಗೆ ಕೆಟ್ಟ ಹೆಸರು ಬಂದ ಬಗೆ

ಸತ್ಯಮಂಗಲದಿಂದ ನಮ್ಮ ಕಡೆಗೆ ಹೊರಟ ಬಸ್ಸು ಬಣ್ಣಾರಿ ಅಮ್ಮನ ಗುಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಚಾಲಕನು ಅಲ್ಲಿಂದಲೇ ಕೈಮುಗಿಯುತ್ತಾನೆ. ಲಾರಿಯವರಾದರೆ ಇಳಿದು ಕರ್ಪೂರ ಹಚ್ಚಿ, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟು, ಆಮೇಲೆ ಗಾಡಿ ಹತ್ತುತ್ತಾರೆ. ಅಲ್ಲಿಂದ ಮುಂದೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಟ್ಟ. ಘಟ್ಟ ಹತ್ತಿದರೆ ಹಾಸನೂರು, ಅದರಾಚೆಗೆ ನಮ್ಮ ತಾಳವಾಡಿ ಫಿರ್ಕಾ. ಹೊಸಬರು ಬಸ್ಸಿನಲ್ಲಿದ್ದರೆ ಹತ್ತನೆಯ ತಿರುವಿನ ಹೊತ್ತಿಗೆ ಮಾತು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತವರು ಊರಿನವರೆಂದು ತಿಳಿದೊಡನೆ ಕೇಳುವ ಮೊದಲ ಪ್ರಶ್ನೆ ಒಂದೇ: “ಇಂಥ ಕಾಡಿನಲ್ಲಿ ನಿಮಗೆ ಹೆದರಿಕೆಯಾಗುವುದಿಲ್ಲವೇ?”

ನಾವು ಈ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ಶಿಕ್ಷಕ ವೃತ್ತಿಗೆ ಸೇರಿದ ಹೊಸತರಲ್ಲಿ ಕೆಳಗಿನ ಸೀಮೆಯಿಂದ ವರ್ಗವಾಗಿ ಬರುತ್ತಿದ್ದ ನೌಕರರು ಬಂದ ದಿನವೇ ಮರಳಿ ಹೋಗುವ ಅರ್ಜಿ ಬರೆದಿಡುತ್ತಿದ್ದರು. ಹೆಣ್ಣು ಕೊಡಲು ಬಂದವರು ಹೊಲ ನೋಡಿ, ಮನೆ ನೋಡಿ, ಹುಡುಗನನ್ನು ಮೆಚ್ಚಿ, ಕೊನೆಗೆ ಕಾಡಿನ ನೆಪ ಹೇಳಿ ಹೋದ ಉದಾಹರಣೆಗಳು ನಮ್ಮ ನೆಂಟರಲ್ಲಿಯೇ ಇವೆ. ಇಂದು ಮೈಸೂರಿನಲ್ಲೋ ತಿರುಪ್ಪೂರಿನಲ್ಲೋ ನೆಲೆಸಿರುವ ನಮ್ಮ ಮೊಮ್ಮಕ್ಕಳೂ ರಜೆಗೆ ಬಂದಾಗ ಅದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡುವ ಹೊಣೆ ನಮ್ಮ ಮೇಲಿದೆ ಎನಿಸಿದ್ದರಿಂದ ಈ ಲೇಖನ. ಒಂದು ಕಾಡಿಗೆ ಕೆಟ್ಟ ಹೆಸರು ತಾನಾಗಿ ಬರುವುದಿಲ್ಲ. ಅದನ್ನು ಯಾರೋ ತರುತ್ತಾರೆ, ಬೇರೆ ಯಾರೋ ಹೊರುತ್ತಾರೆ. ನಮ್ಮ ಕಾಡಿನ ಮಟ್ಟಿಗೆ ಅದು ಯಾವ ಯಾವ ಕಾಲದಲ್ಲಿ, ಯಾರಿಂದ ಬಂತು, ಯಾರು ಹೊತ್ತರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ನಮ್ಮ ಉದ್ದೇಶ.

ದಂಡು ಇಳಿದ ದಾರಿ

ಮೈಸೂರು ಸೀಮೆಯ ಮೇಲ್ನೆಲಕ್ಕೂ ಕೊಂಗುನಾಡಿನ ಬಯಲಿಗೂ ನಡುವೆ ಈ ಕಾಡು ಒಂದು ಬಾಗಿಲಿನಂತಿದೆ. ಇಂದಿನ ದಿಂಬಂ ರಸ್ತೆಗಿಂತ ಹಿಂದೆ ಹೆಸರಾಗಿದ್ದುದು ಗಜ್ಜಲಹಟ್ಟಿ ಕಣಿವೆಯ ದಾರಿ. ತಲಮಲೆಯ ಕಡೆಯಿಂದ ಇಳಿದು, ಮೋಯಾರು ಹೊಳೆಯ ಬದಿ ಹಿಡಿದು ಹೋದರೆ ಭವಾನಿ ನದಿಯ ದಡದಲ್ಲಿ ದಣ್ಣಾಯಕನಕೋಟೆ ಸಿಗುತ್ತಿತ್ತು. ಹೊಯ್ಸಳರ ಕೊನೆಯ ಕಾಲದಲ್ಲಿ ತೆರಕಣಾಂಬಿಯಿಂದ ಆಳಿದ ಪೆರುಮಾಳ ದಣ್ಣಾಯಕ, ಅವನ ಮಗ ಮಾಧವ ದಣ್ಣಾಯಕ ಇವರ ನೆನಪನ್ನು ಆ ಕೋಟೆಯ ಹೆಸರು ಉಳಿಸಿಕೊಂಡಿತ್ತು. ಈಗ ಆ ಕೋಟೆ ಭವಾನಿಸಾಗರದ ನೀರಿನಡಿಯಲ್ಲಿದೆ. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಅಣೆಕಟ್ಟಿನಿಂದ ಊರೂ ಕೋಟೆಯೂ ಮುಳುಗಿದವು. ಮಳೆ ಕೈಕೊಟ್ಟು ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ದೇವಾಲಯದ ಕಲ್ಲುಗಳು ಮೇಲೆ ಕಾಣುತ್ತವೆ. ಆಗ ಜನ ಗುಂಪುಗೂಡಿ ನೋಡಲು ಹೋಗುತ್ತಾರೆ.

1790ರ ಸೆಪ್ಟೆಂಬರ್ ತಿಂಗಳಿನಲ್ಲಿ, ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ, ಟಿಪ್ಪು ಸುಲ್ತಾನನು ದೊಡ್ಡ ಸೈನ್ಯದೊಡನೆ ಗಜ್ಜಲಹಟ್ಟಿ ಕಣಿವೆಯಲ್ಲಿ ಇಳಿದನು. ಸತ್ಯಮಂಗಲದ ಬಳಿ ಬೀಡುಬಿಟ್ಟಿದ್ದ ಕರ್ನಲ್ ಫ್ಲಾಯ್ಡ್‌ನ ಪಡೆ ಅವನನ್ನು ಎದುರಿಸಲಾರದೆ, ಫಿರಂಗಿಗಳನ್ನು ಕಳೆದುಕೊಂಡು ಕೊಯಮತ್ತೂರಿನ ಕಡೆಗೆ ಹಿಂಜರಿಯಬೇಕಾಯಿತು. ಆನೆ, ಎತ್ತು, ಫಿರಂಗಿಗಳ ಸಮೇತ ಒಂದು ದಂಡು ಈ ಕಣಿವೆಯಲ್ಲಿ ಇಳಿಯಿತೆಂದರೆ, ದಾರಿಯ ಬದಿಯ ಹಳ್ಳಿಗಳ ಪಾಡು ಏನಾಗಿದ್ದೀತೆಂದು ಊಹಿಸಬಹುದು. ದಂಡಿಗೆ ಮೇವು ಬೇಕು, ಧಾನ್ಯ ಬೇಕು, ಹೊರೆ ಹೊರುವ ಜನ ಬೇಕು. ಇವೆಲ್ಲವೂ ದಾರಿಯಲ್ಲಿ ಸಿಕ್ಕಿದವರಿಂದಲೇ ಬರಬೇಕು. ದಂಡು ಬರುವ ಸುದ್ದಿ ಕೇಳಿದ ಜನ ಎಲ್ಲಿಗೆ ಓಡಿದರು? ಕಾಡಿಗೆ. ಹೊರಗಿನವರಿಗೆ ಭಯದ ಬಾಗಿಲಾದ ಕಾಡು ಒಳಗಿನವರಿಗೆ ಅಡಗುವ ಮನೆಯಾಗಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಮತ್ತೆ ಇದು ಬರುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು. ಕನ್ನಡ ಮಾತನಾಡುವ ಕೊಳ್ಳೇಗಾಲವೂ ಆಗ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಮೊದಲು ಒಂದೇ ಜಿಲ್ಲೆಯ ಒಳಗಿದ್ದ ಕಾಡಿನ ನಡುವೆ ಈಗ ಎರಡು ರಾಜ್ಯಗಳ ಗಡಿ ಹಾದುಹೋಯಿತು. ಆನೆಗೂ ಹುಲಿಗೂ ಆ ಗೆರೆ ತಿಳಿಯದು; ಮುಂದೆ ಕಳ್ಳರಿಗೆ ಮಾತ್ರ ಚೆನ್ನಾಗಿ ತಿಳಿಯಿತು.

ಜ್ವರದ ಕಾಡು

ದಂಡುಗಳ ಕಾಲ ಮುಗಿದ ಮೇಲೆ ಕಾಡಿಗೆ ಬಂದ ಎರಡನೆಯ ಕೆಟ್ಟ ಹೆಸರು ಚಳಿಜ್ವರದ್ದು. ಘಟ್ಟದ ಬುಡದಲ್ಲಿ ಒಂದು ರಾತ್ರಿ ಮಲಗಿದವನು ಬದುಕುವುದಿಲ್ಲ ಎಂಬ ಮಾತು ನಮ್ಮ ಅಜ್ಜಂದಿರ ಕಾಲದವರೆಗೂ ಇತ್ತು. ಕೊಳೆತ ಎಲೆಗಳಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಆಗಿನ ವಿದ್ಯಾವಂತರೂ ನಂಬಿದ್ದರು. ‘ಮಲೇರಿಯಾ’ ಎಂಬ ಹೆಸರಿನ ಅರ್ಥವೇ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು. ನಮ್ಮ ಹಳ್ಳಿಗರು ಅದನ್ನೇ ಗಾಳಿ ಸೋಕಿತು, ದೆವ್ವ ಮೆಟ್ಟಿತು ಎಂದರು. ದೊರೆಗಳ ಮಾತಿಗೂ ಹಳ್ಳಿಗರ ಮಾತಿಗೂ ಹೆಚ್ಚು ಅಂತರವಿರಲಿಲ್ಲ. ಇಬ್ಬರೂ ಕಾಡನ್ನೇ ದೂರಿದರು.

ಈ ನಂಬಿಕೆಯನ್ನು ಮುರಿದ ಕಥೆಯಲ್ಲಿ ನಮ್ಮ ಕಾಡಿನ ನೆರೆಯ ಘಟ್ಟಕ್ಕೂ ಒಂದು ಪಾತ್ರವಿದೆ ಎಂಬುದು ಹಲವರಿಗೆ ತಿಳಿದಿಲ್ಲ. ಸೈನ್ಯದ ವೈದ್ಯಾಧಿಕಾರಿ ರೊನಾಲ್ಡ್ ರಾಸ್ 1895ರಿಂದ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸದಲ್ಲಿದ್ದರು. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡುತ್ತಿತ್ತು. 1897ರ ಬೇಸಿಗೆಯಲ್ಲಿ ರಜೆ ಪಡೆದು ಉದಕಮಂಡಲಕ್ಕೆ ಹೋದ ಅವರು, ಜ್ವರಕ್ಕೆ ಕುಖ್ಯಾತವಾಗಿದ್ದ ಸೀಗೂರು ಘಟ್ಟಕ್ಕೆ ಇಳಿದು ಅಲ್ಲಿ ಪರೀಕ್ಷೆಗಳನ್ನು ನಡೆಸಿದರು. ಸೀಗೂರು ಎಂದರೆ ನಮ್ಮ ಮೋಯಾರು ಕಣಿವೆಯ ಆಚೆ ದಂಡೆಯ ಸೀಮೆ. ಎಚ್ಚರಿಕೆಯಿಂದಿದ್ದರೂ ಕೆಲವೇ ದಿನಗಳಲ್ಲಿ ಅವರಿಗೂ ಅಲ್ಲಿ ಚಳಿಜ್ವರ ಬಂತು. ಗುಣವಾದ ಮೇಲೆ ಸಿಕಂದರಾಬಾದಿಗೆ ಹೋಗಿ, ಅದೇ ವರ್ಷ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಹೀಗೆ ಕಾಡಿನ ದೆವ್ವವೊಂದು ಸೂಕ್ಷ್ಮದರ್ಶಕದ ಕೆಳಗೆ ಸಿಕ್ಕಿತು. ಆದರೆ ಅದನ್ನು ಓಡಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆ ಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದರು, 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ನಾವು ಬಾಲಕರಾಗಿದ್ದಾಗ ಖಾಕಿ ಚಡ್ಡಿ ತೊಟ್ಟವರು ಪಂಪು ಹಿಡಿದು ಬಂದು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದುದು ಇಂದಿಗೂ ಕಣ್ಣಮುಂದಿದೆ. ಆ ಬಿಳಿ ಕಲೆಯ ವಾಸನೆಗೆ ಅಜ್ಜಿ ಬಯ್ಯುತ್ತಿದ್ದರು. ಅದೇ ಅಜ್ಜಿಯ ಇಬ್ಬರು ಮಕ್ಕಳನ್ನು ಚಳಿಜ್ವರ ಒಯ್ದಿತ್ತು. ಅವರು ಕೊನೆಯವರೆಗೂ ಅದನ್ನು ‘ಕಾಡು ಕೊಂಡುಹೋಯಿತು’ ಎಂದೇ ಹೇಳಿದರು.

ಜ್ವರ ಹೋದ ಮೇಲೆ ಆದದ್ದೇನು? ಭಯ ಕಾಯ್ದಿದ್ದ ಬಾಗಿಲು ತೆರೆಯಿತು. ಹೊಸ ಬೇಸಾಯ, ಹೊಸ ರಸ್ತೆ, ಮರದ ಲಾರಿ, ಅಣೆಕಟ್ಟು ಎಲ್ಲವೂ ಒಳಕ್ಕೆ ಬಂದವು. ಇದರಲ್ಲಿ ನಮ್ಮ ಜನರಿಗೆ ಒಳಿತಾದದ್ದೂ ಉಂಟು. ಶಾಲೆ ಬಂದದ್ದೂ ಆಗಲೇ. ಆದರೆ ಕಾಡಿಗೆ ಅದುವರೆಗೆ ಇದ್ದ ಒಂದು ಬೇಲಿ ಹೋಯಿತೆಂಬುದನ್ನು ಮರೆಯುವಂತಿಲ್ಲ.

ನರಭಕ್ಷಕಗಳ ಕಥೆ

ಬೇಟೆಗಾರರ ಬರಹಗಳು ತಂದ ಹೆಸರು ಮತ್ತೊಂದು ಬಗೆಯದು. ಬೆಂಗಳೂರಿನಲ್ಲಿದ್ದ ಕೆನೆತ್ ಆಂಡರ್‌ಸನ್ 1954ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಪುಸ್ತಕದಲ್ಲಿಯೇ ಸೀಗೂರಿನ ನರಭಕ್ಷಕ ಹುಲಿಯ ಕಥೆ ಇದೆ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್‌ಸನ್ನರ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ಕಾವೇರಿ ತೀರದ, ನೀಲಗಿರಿಯ ಬುಡದ ಕಾಡೂರುಗಳ ಹೆಸರು ಕನ್ನಡದ ಮನೆಮನೆಗೆ ತಿಳಿಯಿತು. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಹಾಳೆ ಸವೆದುಹೋದ ಪುಸ್ತಕಗಳೆಂದರೆ ಅವೇ. ಓದಿದವರಿಗೆ ರೋಮಾಂಚನ, ಆದರೆ ಗಮನವಿಟ್ಟು ಓದಿದವರಿಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಗುಂಡೇಟು ತಿಂದು ಗಾಯಗೊಂಡ ಹುಲಿ, ಮುಳ್ಳುಹಂದಿಯ ಮುಳ್ಳು ನೆಟ್ಟು ಕುಂಟಾದ ಹುಲಿ, ವಯಸ್ಸಾಗಿ ಹಲ್ಲು ಸವೆದ ಹುಲಿ, ಇಂಥವೇ ಬಹುಮಟ್ಟಿಗೆ ಮನುಷ್ಯನ ಮೇಲೆ ಬೀಳುವುದು. ಗಾಯ ಮಾಡಿದ ಕೈ ಬಹುಸಲ ಮನುಷ್ಯನದೇ. ಕೆಟ್ಟ ಹೆಸರು ಮಾತ್ರ ಹುಲಿಗೂ ಕಾಡಿಗೂ ಸೇರಿತು.

ಒಳಗಿನವರ ಕಾಡು

ಹಾಗಾದರೆ ಕಾಡಿನಲ್ಲಿಯೇ ಹುಟ್ಟಿ ಬೆಳೆದವರು ಅದನ್ನು ಹೇಗೆ ಕಂಡರು? ದಿಂಬಂ, ತಲಮಲೆ, ಹಾಸನೂರಿನ ಸುತ್ತ ಸೋಲಿಗರು, ಊರಾಳಿಗಳು ತಲೆತಲಾಂತರದಿಂದ ಇದ್ದಾರೆ. ಬಿಳಿಗಿರಿಯ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದೂ, ಆದುದರಿಂದ ದೇವರು ತಮಗೆ ಭಾವನಾಗಬೇಕೆಂದೂ ಸೋಲಿಗರು ಹೇಳುತ್ತಾರೆ. ದೇವರನ್ನೇ ಭಾವ ಎಂದು ಕರೆಯುವವರಿಗೆ ಅವನ ಕಾಡಿನಲ್ಲಿ ಭಯವೆಲ್ಲಿಯದು?

ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯವರ ಬಾಯಲ್ಲಿ ರಾತ್ರಿಯಿಡೀ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಮಾದಪ್ಪನು ಎಪ್ಪತ್ತೇಳು ಮಲೆಗಳಲ್ಲಿ ಹುಲಿಯ ಮೇಲೆ ಕುಳಿತು ಸಂಚರಿಸಿದವನು. ಆ ಕಾವ್ಯದಲ್ಲಿ ಸಂಕಮ್ಮನ ಪ್ರಸಂಗ ಬರುತ್ತದೆ. ಸೋಲಿಗರ ನೀಲೇಗೌಡನು ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನ ಶೀಲವನ್ನು ಶಂಕಿಸಿ, ತನಗೆ ಭಾಷೆ ಕೊಡೆಂದು ಹಟ ಹಿಡಿಯುತ್ತಾನೆ. ತಪ್ಪು ಮಾಡದ ತಾನು ಏಕೆ ಭಾಷೆ ಕೊಡಬೇಕೆಂದು ಆಕೆ ಒಪ್ಪುವುದಿಲ್ಲ. ಅವನು ಆಕೆಯನ್ನು ಹಿಂಸಿಸಿ, ಒಂಟಿಯಾಗಿ ಕಟ್ಟಿಹಾಕಿ ಹೋಗುತ್ತಾನೆ. ಆಗ ಆ ಕಗ್ಗಾಡಿನಲ್ಲಿ ಬಂದು ಆಕೆಯನ್ನು ಕಾಯುವವನು ಮಾದಪ್ಪ. ಅವನ ವರದಿಂದ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಹುಟ್ಟುತ್ತಾರೆ. ಇಲ್ಲಿ ಸಂಕಮ್ಮನನ್ನು ನೋಯಿಸಿದ್ದು ಹುಲಿಯಲ್ಲ, ಆನೆಯಲ್ಲ, ದೆವ್ವವೂ ಅಲ್ಲ. ಮನುಷ್ಯನ ಶಂಕೆ. ಅಕ್ಷರ ಬಾರದ ಹಾಡುಗಾರರು ಇದನ್ನು ತಲೆಮಾರುಗಳ ಹಿಂದೆಯೇ ಕಂಡಿದ್ದರು. ನಮ್ಮ ಕಾಲದಲ್ಲಿ ಅದೇ ಶಂಕೆ ಮತ್ತೆ ಕಾಡಿಗೆ ಬಂದಾಗ ನಾವು ಓದಿದವರು ಕಾಣಲಿಲ್ಲ.

ಆ ಹದಿನೈದು ವರ್ಷ

ಈಗ ಹೇಳಬೇಕಾದದ್ದು ಎಲ್ಲರಿಗೂ ತಿಳಿದ ಹೆಸರಿನ ಕಾಲ. ಗೋಪಿನಾಥಂ ಊರಿನಲ್ಲಿ 1952ರಲ್ಲಿ ಹುಟ್ಟಿದ ವೀರಪ್ಪನ್ ಮೊದಲು ಆನೆಯ ದಂತಕ್ಕೆ, ಆಮೇಲೆ ಗಂಧದ ಮರಕ್ಕೆ ಕೈ ಹಾಕಿದವನು. ಒಬ್ಬ ಕಾಡುಗಳ್ಳ ಇಷ್ಟು ದೊಡ್ಡವನಾಗಲು ಕಾಡು ಕಾರಣವಲ್ಲ. ದಂತಕ್ಕೂ ಗಂಧಕ್ಕೂ ದೂರದ ಪಟ್ಟಣಗಳಲ್ಲಿ ಬೆಲೆ ಇತ್ತು, ಕೊಳ್ಳುವವರಿದ್ದರು, ಸಾಗಿಸುವವರಿದ್ದರು. ಒಂದು ರಾಜ್ಯದಲ್ಲಿ ಅಟ್ಟಿದರೆ ಇನ್ನೊಂದಕ್ಕೆ ದಾಟಿಕೊಳ್ಳಲು ಗಡಿ ಇತ್ತು. ಕೊಂಡವರ ಹೆಸರು ಯಾವ ಪತ್ರಿಕೆಯ ಮೊದಲ ಪುಟದಲ್ಲಿಯೂ ಬರಲಿಲ್ಲ. ಬಂದದ್ದು ಸತ್ಯಮಂಗಲದ ಕಾಡು ಎಂಬ ಹೆಸರು.

1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗುವ ನೆಪದಲ್ಲಿ ಕರೆಸಿ ಕೊಂದರು. ಗೋಪಿನಾಥಂ ಊರಿಗೆ ರಸ್ತೆ, ಔಷಧೋಪಚಾರದ ಅನುಕೂಲ ಮಾಡಿಸಿ, ಅಲ್ಲಿ ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿದ್ದ ಅವರನ್ನು ಆ ಊರಿನವರು ಇಂದಿಗೂ ನೆನೆಯುತ್ತಾರೆ. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಬಂತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿಸಿ 22 ಮಂದಿಯನ್ನು ಕೊಂದರು. 2000ದ ಜುಲೈ 30ರ ರಾತ್ರಿ ನಮ್ಮ ಗಾಜನೂರಿನ ಮನೆಯಿಂದಲೇ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದರು. ನವೆಂಬರ್ 15ರಂದು ಬಿಡುಗಡೆಯಾಗುವವರೆಗೆ 108 ದಿನಗಳನ್ನು ಕನ್ನಡನಾಡೆಲ್ಲ ಎಣಿಸಿತು. ಆ ದಿನಗಳಲ್ಲಿ ಗಡಿಯ ಎರಡೂ ಬದಿಯಲ್ಲಿ ಕನ್ನಡಿಗರೂ ತಮಿಳರೂ ಒಬ್ಬರ ಮುಖ ಒಬ್ಬರು ಹೇಗೆ ನೋಡುವುದೆಂದು ಅಂಜಿದ್ದನ್ನು ನಾವು ಮರೆತಿಲ್ಲ. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಒಯ್ದರು; ಅವರು ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಹತನಾದನು. ಅವನ ಅಂತ್ಯವಾದದ್ದು ಕಾಡಿನಲ್ಲಲ್ಲ, ರಸ್ತೆಯಲ್ಲಿ.

ಇದಿಷ್ಟು ಎಲ್ಲರೂ ಬಲ್ಲರು. ಬಹಳ ಮಂದಿ ಮರೆತ ಭಾಗ ಇನ್ನೊಂದಿದೆ. ಅವನನ್ನು ಹಿಡಿಯಲು ಎರಡೂ ರಾಜ್ಯಗಳು ರಚಿಸಿದ ವಿಶೇಷ ಕಾರ್ಯಪಡೆಗಳಲ್ಲಿ ಪ್ರಾಣ ತೆತ್ತವರಿದ್ದರು. ಅವರ ತ್ಯಾಗಕ್ಕೆ ತಲೆಬಾಗಬೇಕು. ಆದರೆ ಅದೇ ಕಾರ್ಯಾಚರಣೆಯ ಹೆಸರಿನಲ್ಲಿ ಕಾಡಂಚಿನ ಬಡವರು ಅನುಭವಿಸಿದ ಹಿಂಸೆಯ ಬಗ್ಗೆ ದೂರುಗಳು ಎದ್ದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಆ ಸಮಿತಿಯ ವರದಿಯ ಆಧಾರದ ಮೇಲೆ 2007ರಲ್ಲಿ 89 ಮಂದಿ ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗವು ಹೇಳಿತು. ಟಾಡಾ ಕಾಯಿದೆಯಡಿ ಬಂಧಿತರಾಗಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತ ನೂರಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನರು 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಸೋಲಿಗರ ಈ ಪಾಡನ್ನು ಕುರಿತು ಎಸ್. ಬಾಲಮುರುಗನ್ ಅವರು ತಮಿಳಿನಲ್ಲಿ ‘ಸೋಳಗರ್ ತೊಟ್ಟಿ’ ಎಂಬ ಕಾದಂಬರಿಯನ್ನು 2004ರಲ್ಲಿ ಪ್ರಕಟಿಸಿದರು. ನಮ್ಮ ನೆರೆಯ ಜನರ ಕಥೆ ಮೊದಲು ಬರೆಯಲ್ಪಟ್ಟದ್ದು ನಮ್ಮ ಭಾಷೆಯಲ್ಲಲ್ಲ ಎಂಬುದು ಸಂಘದ ಬಂಧುಗಳು ಯೋಚಿಸಬೇಕಾದ ಸಂಗತಿ.

ಹಾಜರಿ ಪುಸ್ತಕದ ಒಂದು ಸಾಲು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳದೆ ಮುಂದೆ ಹೋಗಲಾಗದು. 1992ರಲ್ಲಿ ಎಂಟನೆಯ ತರಗತಿಗೆ ಕನ್ನಡ ಪ್ರಬಂಧ ಬರೆಯಿಸುತ್ತಿದ್ದಾಗ ನಾವು ‘ಕಾಡಿನಲ್ಲಿ ಒಂದು ಭಯಾನಕ ರಾತ್ರಿ’ ಎಂಬ ವಿಷಯ ಕೊಟ್ಟೆವು. ಊರ ಮಕ್ಕಳೆಲ್ಲ ದೆವ್ವ, ಮೋಹಿನಿ, ಹುಲಿಯ ಕಣ್ಣು ಎಂದು ಪುಟ ತುಂಬಿಸಿದರು. ಸೋಲಿಗರ ದೊಡ್ಡಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಅಪ್ಪ, ಚಿಕ್ಕಪ್ಪನ ಜೊತೆ ಜೇನು ಬಿಚ್ಚಲು ಹೋದ ರಾತ್ರಿಯನ್ನು ಬರೆದಿದ್ದ. ಯಾವ ಮರಕ್ಕೆ ಹೆಜ್ಜೇನು ಕಟ್ಟುತ್ತದೆ, ಹೊಗೆ ಹಾಕುವಾಗ ಏನು ಹಾಡಬೇಕು, ಕೊನೆಯ ತಟ್ಟಿಯನ್ನು ಏಕೆ ಬಿಟ್ಟು ಬರಬೇಕು, ಇದೆಲ್ಲ ಅದರಲ್ಲಿತ್ತು. ಭಯ ಎಂಬ ಪದ ಒಂದು ಕಡೆಯೂ ಇರಲಿಲ್ಲ. ನಾವು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆವು.

ಮುಂದಿನ ವರ್ಷ ಆ ಹುಡುಗ ಶಾಲೆಗೆ ಬರುವುದನ್ನು ನಿಲ್ಲಿಸಿದ. ಆಗಿನ ದಿನಗಳು ಹಾಗಿದ್ದವು. ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸನ್ನು ತಡೆದು ಇಷ್ಟು ಮುದ್ದೆ ಯಾರಿಗೆ ಎಂದು ಕೇಳುತ್ತಿದ್ದರು. ಅಂಗಡಿಯಿಂದ ಒಂದು ಸೇರು ಅಕ್ಕಿ ಹೆಚ್ಚಿಗೆ ಕೊಂಡರೂ ಸಂದೇಹ. ದೊಡ್ಡಿಯ ಜನರು ಸಂತೆಗೆ ಬರುವುದೇ ನಿಂತಿತ್ತು. ನಾವು ಎರಡು ಸಲ ಬೇರೆ ಮಕ್ಕಳ ಕೈಯಲ್ಲಿ ಹೇಳಿ ಕಳಿಸಿದೆವು. ದೊಡ್ಡಿಗೆ ಸ್ವತಃ ಹೋಗಲಿಲ್ಲ. ಹೋದರೆ ನಮ್ಮ ಮೇಲೂ ಕಣ್ಣು ಬೀಳುವುದೆಂಬ ಅಂಜಿಕೆ ಇತ್ತೆಂದು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ನಿಯಮದಂತೆ ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ’ ಎಂದು ಬರೆದು ಅವನ ಹೆಸರನ್ನು ತೆಗೆದೆವು. ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟೆವು.

ನಿವೃತ್ತರಾದ ಮೇಲೆ ಒಂದು ದಿನ ಸಂತೆಯಲ್ಲಿ ಹುಣಸೆಹಣ್ಣು ಮಾರುತ್ತಿದ್ದ ಒಬ್ಬಾತ ನಮ್ಮನ್ನು ಕಂಡು ಎದ್ದು ನಿಂತು ಕೈಮುಗಿದ. ಅವನೇ. ತಲೆಗೂದಲು ಅಲ್ಲಲ್ಲಿ ನೆರೆತಿತ್ತು. ಏಕಪ್ಪ ಶಾಲೆ ಬಿಟ್ಟೆ ಎಂದು, ಇಷ್ಟು ವರ್ಷ ತಡವಾಗಿ, ಕೇಳಿದೆವು. “ಅಪ್ಪನ್ನೂ ಚಿಕ್ಕಪ್ಪನ್ನೂ ವಿಚಾರಣೆಗೆ ಅಂತ ಕರ್ಕೊಂಡ್ ಹೋದ್ರು ಮೇಷ್ಟ್ರೇ. ಚಿಕ್ಕಪ್ಪ ಬರ್ನಿಲ್ಲ. ಅಪ್ಪ ಬಂದ, ಆದ್ರೆ ಬಲಗೈ ಎತ್ತಕ್ಕಾಯ್ತಿರ್ನಿಲ್ಲ. ನಾನೇ ದನ ಮೇಯ್ಸಬೇಕಾಯ್ತು” ಎಂದ. ಪರಿಹಾರ ಏನಾದರೂ ಬಂತೇ ಎಂದೆವು. ಕಾಗದಪತ್ರ ಏನಾದರೂ ಇದೆಯೇ ಎಂದು ಕೇಳಿದರಂತೆ. ಅವರ ಬಳಿ ಒಂದೂ ಇರಲಿಲ್ಲವಂತೆ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ತಕ್ಕಡಿಗೆ ಒಂದು ಹಿಡಿ ಹೆಚ್ಚಾಗಿಯೇ ಹುಣಸೆ ಹಾಕಿ, ದುಡ್ಡು ಬೇಡವೆಂದ. ನಾವು ಬಲವಂತದಿಂದ ಕೊಟ್ಟು ಬಂದೆವು.

ಇತಿಹಾಸ ಪಾಠ ಹೇಳಿದ ನಮಗೆ ದಾಖಲೆ ಎಂದರೇನೆಂದು ಆ ದಿನ ತಿಳಿಯಿತು. ಟಿಪ್ಪುವಿನ ಫಿರಂಗಿಗಳ ಲೆಕ್ಕ ಪುಸ್ತಕಗಳಲ್ಲಿದೆ, ರಾಸ್ ಸಾಹೇಬರ ಜ್ವರದ ವಿವರ ಇದೆ, ನರಭಕ್ಷಕ ಹುಲಿಯ ಉದ್ದಳತೆಯೂ ಇದೆ. ಒಬ್ಬ ಹುಡುಗ ಯಾಕೆ ಶಾಲೆ ಬಿಟ್ಟನೆಂಬುದನ್ನು ಬರೆಯಲು ನಮ್ಮ ಕೈಯಲ್ಲೇ ಪುಸ್ತಕವಿತ್ತು, ಲೇಖನಿಯಿತ್ತು, ಅದಕ್ಕೆಂದೇ ಗೆರೆ ಎಳೆದ ಜಾಗವಿತ್ತು. ನಾವು ಬರೆಯಲಿಲ್ಲ.

ಇಂದಿನ ಕಾಡು

ಇಂದು ಅದೇ ಕಾಡು ಬೇರೆ ಹೆಸರು ಪಡೆಯುತ್ತಿದೆ. 2008ರಲ್ಲಿ ಸತ್ಯಮಂಗಲದ ಕಾಡು ವನ್ಯಜೀವಿ ಧಾಮವಾಯಿತು; 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರ್. 2011ರಲ್ಲಿ ಸುಮಾರು 25 ಎಂದು ಎಣಿಸಿದ್ದ ಹುಲಿಗಳು ಹತ್ತು ವರ್ಷದಲ್ಲಿ 80ರ ಸುಮಾರಿಗೆ ಏರಿದವು; ಅದಕ್ಕಾಗಿ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ದೇಶದ ಹಲವೆಡೆ ಕಣ್ಮರೆಯಾಗುತ್ತಿರುವ ರಣಹದ್ದುಗಳು ಮೋಯಾರು ಕಣಿವೆಯ ಮರಗಳಲ್ಲಿ ಇನ್ನೂ ಗೂಡು ಕಟ್ಟುತ್ತಿವೆ.

ಸಂತೋಷದ ಸಂಗತಿಯೇ. ಆದರೆ ತೊಡಕುಗಳೂ ಇವೆ. 2022ರಿಂದ ನ್ಯಾಯಾಲಯದ ಆದೇಶದಂತೆ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ಕಟ್ಟುಪಾಡು ಬಂದಿದೆ. ಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುವುದು ಕಡಿಮೆಯಾಗಬೇಕಾದರೆ ಅದು ಬೇಕು. ತರಕಾರಿ, ಹೂವನ್ನು ಬೆಳಗಿನ ಮಾರುಕಟ್ಟೆಗೆ ಮುಟ್ಟಿಸಬೇಕಾದ ನಮ್ಮ ರೈತರಿಗೆ ಅದರಿಂದ ಕಷ್ಟವೂ ಉಂಟು. ಆನೆ ತುಳಿದ ಹೊಲದ ಮುಂದೆ ಕುಳಿತ ಒಕ್ಕಲಿಗೆ ಪ್ರಶಸ್ತಿಯ ಸುದ್ದಿ ಸಮಾಧಾನ ಕೊಡಲಾರದು. ಗಡಿಯಾಚೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಹುಲಿಯೂ ಇರಬೇಕು, ಜೇನು ಬಿಚ್ಚುವವನೂ ಇರಬೇಕು ಎಂಬ ಮಾತಿಗೆ ಅದು ಒಂದು ಆಧಾರ.

ಇಷ್ಟನ್ನು ಹೇಳಿದ ಮೇಲೆ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಹೆದರಿಕೆಯಾಗುವುದಿಲ್ಲವೇ? ಆಗುತ್ತದೆ. ಆನೆ ಅಡ್ಡ ಬಂದರೆ ಯಾರಿಗಾದರೂ ಆಗುತ್ತದೆ, ಆಗಲೂಬೇಕು. ಆದರೆ ಈ ಕಾಡಿಗೆ ಅಂಟಿದ ಕೆಟ್ಟ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಒಂದು ದಂಡಿನದು, ಒಂದು ಸೊಳ್ಳೆಯದು, ಒಂದು ಬಂದೂಕಿನದು, ಒಂದು ದಂತ, ಗಂಧದ ವ್ಯಾಪಾರದ್ದು. ಅದರ ಭಾರವನ್ನು ಹೊತ್ತವರು ದೊಡ್ಡಿಯ ಜನ. ನಾವು ಊರವರು ನಡುವೆ ನಿಂತು ಕಥೆ ಹೇಳಿಕೊಂಡೆವು.

ನಮ್ಮ ಸಂಘದ ಹಿರಿಯರಲ್ಲಿ ಹಲವರು ಆ ಕಾಲವನ್ನು ಕಂಡವರು. ದೊಡ್ಡಿಗಳಲ್ಲಿ ಅನುಭವಿಸಿದವರೂ ಇನ್ನೂ ಇದ್ದಾರೆ. ಅವರ ಬಾಯಿಂದ ಬಂದದ್ದನ್ನು ಬಂದಂತೆ, ತಾರೀಖು, ಊರು ಸಮೇತ ಬರೆದಿಡುವ ಕೆಲಸವನ್ನು ಸಂಘದ ಯುವಕರು ಕೈಗೊಳ್ಳಲಿ ಎಂಬುದು ನಮ್ಮ ಕೋರಿಕೆ. ನಾವು ನಮ್ಮ ಪಾಲಿನದನ್ನು ಮಾಡುತ್ತಿದ್ದೇವೆ. ಕಳೆದ ಬೇಸಿಗೆಯಲ್ಲಿ ಮೊಮ್ಮಗಳೊಡನೆ ಆ ಹಳೆಯ ವಿದ್ಯಾರ್ಥಿಯ ದೊಡ್ಡಿಗೆ ಹೋಗಿದ್ದೆವು. ಶಾಲೆಯಿಂದ ಒಂದು ಗಂಟೆಯ ದಾರಿ. ಮೂವತ್ತು ವರ್ಷದ ಹಿಂದೆಯೇ ಹೋಗಬಹುದಾಗಿತ್ತು. ಅವನು ಹೇಳುತ್ತ ಹೋದ, ಮೊಮ್ಮಗಳು ಬರೆದುಕೊಂಡಳು. ಹೊತ್ತು ಇಳಿಯುವ ಮುನ್ನ ಅವನೇ ನಮ್ಮನ್ನು ರಸ್ತೆಯವರೆಗೆ ತಂದು ಬಿಟ್ಟ.